ಐದು ರೂಪಾಯಿ ಪ್ಯಾಕೆಟ್ಟು ಮತ್ತು ಮನೆಯ ಬಾಳೆಕಾಯಿ ಚಿಪ್ಸು



"ಚಿಪ್ಸ್ ತಿನ್ನಬೇಡಿ, ಹೊಟ್ಟೆ ಕೆಡುತ್ತದೆ" ಅಂತ ನಾವು ಶಾಲೆಯವರು ಮಕ್ಕಳಿಗೆ ದಿನಾ ಹೇಳುತ್ತೇವೆ. ಪ್ರಾರ್ಥನೆಯ ಸಾಲಿನಲ್ಲಿ ಹೇಳುತ್ತೇವೆ, ಪಾಠದ ನಡುವೆ ಹೇಳುತ್ತೇವೆ, ಪಾಲಕರ ಸಭೆ ಕರೆದು ಅಲ್ಲೂ ಹೇಳುತ್ತೇವೆ. ಮಕ್ಕಳು ತಲೆ ಆಡಿಸುತ್ತಾರೆ. ಬೆಲ್ ಹೊಡೆದ ಕೂಡಲೇ ಅಂಗಡಿಗೆ ಓಡುತ್ತಾರೆ! ಈ ಉಪದೇಶ ಕೇಳಿ ಒಂದು ಮಗುವಾದರೂ ಪ್ಯಾಕೆಟ್ ಬಿಟ್ಟದ್ದನ್ನು ನಾನಂತೂ ನೋಡಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ತಿನ್ನಬೇಡಿ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಮಾಡುವುದನ್ನು ಕಲಿಸೋಣ. ಚಿಪ್ಸ್ ಮನೆಯಲ್ಲಿ ಮಾಡಿ ನೋಡಿದ ಮಗುವಿಗೆ ಅದರಲ್ಲಿ ಎಣ್ಣೆ ಎಷ್ಟು, ಉಪ್ಪು ಎಷ್ಟು, ಕೆಲಸ ಎಷ್ಟು ಅನ್ನುವುದು ಯಾರೂ ಹೇಳದೇ ಗೊತ್ತಾಗುತ್ತದೆ. ಅದಕ್ಕೆ ಬಾಳೆಕಾಯಿ ಚಿಪ್ಸ್ ಬಹಳ ಒಳ್ಳೆಯ ಪಾಠ. ಹೇಗೆ ಅಂತ ಹೇಳುತ್ತೇನೆ, ಮಾಡುವ ವಿಧಾನವನ್ನೂ ಕೊಡುತ್ತೇನೆ.

ನಮ್ಮ ಕಡೆ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಕರಣಕೋಟ ಇರುವುದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ, ತಾಂಡೂರು ಮಂಡಲದಲ್ಲಿ. ಸಿಸಿಐ ಸಿಮೆಂಟ್ ಕಾರ್ಖಾನೆಯ ಊರು ಅಂದರೆ ಹೆಚ್ಚು ಜನಕ್ಕೆ ಗುರುತು ಸಿಗುತ್ತದೆ. ಗಡಿಯ ಆಚೆ ಸೇಡಂ, ಚಿಂಚೋಳಿ ತಾಲ್ಲೂಕುಗಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲೇ ಇತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಆಮೇಲೆ ನಾವು ಈ ಕಡೆ ಉಳಿದೆವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕೆಲಸದ ಜಾಗದಲ್ಲಿ ಹಿಂದಿ, ಉರ್ದು... ಎಲ್ಲವೂ ಅಷ್ಟಷ್ಟು. ಇದನ್ನು ಯಾಕೆ ಹೇಳಿದೆ ಅಂದರೆ ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ಓದುವ ಮಾತು ಮುಂದೆ ಬರುತ್ತದೆ, ಆಗ ಬೇಕಾಗುತ್ತದೆ.

ಕಾನೂನು ಇಲ್ಲ ಅಂತಲ್ಲ. ಶಾಲಾ ಮಕ್ಕಳ ಆಹಾರದ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ, 2020ರಲ್ಲಿ ನಿಯಮ ಮಾಡಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾತ್ರವಲ್ಲ, ಆವರಣದಿಂದ 50 ಮೀಟರ್ ಒಳಗೂ ಮಾರುವ ಹಾಗಿಲ್ಲ. ಓದುವುದಕ್ಕೆ ಚೆನ್ನಾಗಿದೆ. ಆದರೆ ಹಳ್ಳಿಯಲ್ಲಿ 50 ಮೀಟರ್ ಅಂದರೆ ಏನು? ಶಾಲೆಯ ಕಂಪೌಂಡ್ ಮುಗಿದ ಕೂಡಲೇ ಮನೆ, ಮನೆಯ ಮುಂದಿನ ಕೋಣೆಯೇ ಕಿರಾಣಿ ಅಂಗಡಿ. ಅಂಗಡಿಯವರ ಮಗ ನಮ್ಮ ನಾಲ್ಕನೇ ಕ್ಲಾಸಿನ ವಿದ್ಯಾರ್ಥಿ! ಅಳತೆಯ ಟೇಪು ಹಿಡಿದುಕೊಂಡು ಯಾರು ಹೋಗುತ್ತಾರೆ? ಅಂಗಡಿ ಐವತ್ತೊಂದನೇ ಮೀಟರಿಗೆ ಹೋದರೂ ಮಕ್ಕಳ ಕಾಲಿಗೆ ಅದೇನು ದೂರವಲ್ಲ.

ತಾಯಂದಿರನ್ನು ಬೈದರೂ ಪ್ರಯೋಜನವಿಲ್ಲ. "ಏನ್ ಮಾಡಬೇಕ್ರಿ ಟೀಚರ್, ನಾ ಮುಂಜಾನಿ ಎಂಟಕ್ಕ ಕೆಲಸಕ್ಕ ಹೋಗ್ತೀನಿ. ಐದು ರೂಪಾಯಿ ಕೈಯಾಗ ಇಟ್ಟರ ಕೂಸು ಸುಮ್ಮನ ಸಾಲಿಗಿ ಹೋಗ್ತದ" ಅನ್ನುತ್ತಾರೆ. ಇದಕ್ಕೆ ನಮ್ಮ ಹತ್ತಿರ ಉತ್ತರ ಇದೆಯಾ? ಕಲ್ಲಿನ ಪಾಲಿಶ್ ಕೆಲಸಕ್ಕೋ ತೊಗರಿ ಹೊಲಕ್ಕೋ ಹೋಗುವ ತಾಯಿಗೆ ಪೌಷ್ಟಿಕತೆಯ ಭಾಷಣ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಆ ಐದು ರೂಪಾಯಿಯ ಲೆಕ್ಕ ಮಾಡೋಣ. ಪ್ಯಾಕೆಟ್ಟಿನ ಹಿಂದೆ ತೂಕ ಬರೆದಿರುತ್ತದೆ. ಹನ್ನೆರಡು ಗ್ರಾಂ ಅಂತ ಇಟ್ಟುಕೊಳ್ಳಿ. ಹನ್ನೆರಡು ಗ್ರಾಂಗೆ ಐದು ರೂಪಾಯಿ ಆದರೆ ಒಂದು ಕಿಲೋಗೆ ಎಷ್ಟು? ಐದನೇ ಕ್ಲಾಸಿನ ಲೆಕ್ಕ. ನಾನೂರ ಹದಿನಾರು ರೂಪಾಯಿ ಚಿಲ್ಲರೆ! "ಐದೇ ರೂಪಾಯಿ" ಅನ್ನುವಾಗ ಕಿಲೋ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಮನೆಗೆ ಬರುವ ಪ್ಯಾಕೆಟ್ಟಿನ ತೂಕ ಹಾಕಿ ನೀವೇ ಲೆಕ್ಕ ಮಾಡಿ, ಮಕ್ಕಳ ಕೈಯಲ್ಲೇ ಮಾಡಿಸಿ.

ಅಂದ ಹಾಗೆ, ಪ್ಯಾಕೆಟ್ ಉಬ್ಬಿರುವುದು ನೋಡಿ "ಬರೀ ಗಾಳಿ ಮಾರ್ತಾರೆ" ಅಂತ ನಗುತ್ತೇವಲ್ಲ, ಅದು ಸಾಮಾನ್ಯವಾಗಿ ನಾವು ಉಸಿರಾಡುವ ಗಾಳಿ ಅಲ್ಲ, ಸಾರಜನಕ. ಆಮ್ಲಜನಕ ಒಳಗಿದ್ದರೆ ಕರಿದ ಎಣ್ಣೆ ಬೇಗ ಕಮಟು ವಾಸನೆ ಬರುತ್ತದೆ, ಅದಕ್ಕೆ ಸಾರಜನಕ ತುಂಬುತ್ತಾರೆ. ಚಿಪ್ಸ್ ಪುಡಿ ಆಗದಂತೆಯೂ ಅದು ಕಾಯುತ್ತದೆ. ಇದರಲ್ಲಿ ಮೋಸ ಇಲ್ಲ. ಬೈಯುವುದಾದರೆ ಸರಿಯಾದ ಕಾರಣಕ್ಕೆ ಬೈಯೋಣ.

ನನ್ನ ತಕರಾರು ಬೇರೆ. ಆ ಪ್ಯಾಕೆಟ್ಟಿನಲ್ಲಿ ಯಾವ ಎಣ್ಣೆ, ಎಷ್ಟು ಉಪ್ಪು, ಯಾವ ಪುಡಿ ಅಂತ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ಭಾಷೆಯಲ್ಲಿ? ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ, ಎರಡರಲ್ಲಿ ಒಂದಿದ್ದರೆ ಸಾಕು. ಬೇರೆ ಭಾಷೆ ಬೇಕಾದರೆ ಸೇರಿಸಬಹುದು, ಕಡ್ಡಾಯವಿಲ್ಲ. ಹಾಗಾಗಿ ನಮ್ಮ ಕಡೆ ಕನ್ನಡ ಓದಲು ಬರುವ ತಾಯಿಗೂ ಅದು ದಕ್ಕುವುದಿಲ್ಲ, ತೆಲುಗು ಓದಲು ಬರುವ ತಾಯಿಗೂ ದಕ್ಕುವುದಿಲ್ಲ. ಈ ಒಂದು ವಿಷಯದಲ್ಲಿ ಗಡಿಯ ಎರಡೂ ಕಡೆಯವರು ಸಮಾನರು ನೋಡಿ! ಮಗು ಏನು ತಿನ್ನುತ್ತಿದೆ ಅಂತ ಓದಿ ತಿಳಿಯಲು ಆಗದ ತಾಯಿಗೆ "ಲೇಬಲ್ ನೋಡಿ ತಗೊಳ್ಳಿ" ಅಂತ ಹೇಳುವುದು ಹೇಗೆ? ಮನೆಯಲ್ಲಿ ಮಾಡಿದ್ದಕ್ಕಾದರೆ ಲೇಬಲ್ಲೇ ಬೇಡ. ಹಾಕಿದವಳಿಗೆ ಗೊತ್ತು.

ಸರಿ, ಚಿಪ್ಸ್ ಮಾಡುವುದಾದರೆ ಬಾಳೆಕಾಯಿಯೇ ಯಾಕೆ? ನಮ್ಮದು ತೊಗರಿಯ ನಾಡು. ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಬಾಳೆ ನಮ್ಮ ಮುಖ್ಯ ಬೆಳೆ ಅಲ್ಲ. ಕಲಬುರಗಿ ಕಡೆ ಕಮಲಾಪುರದ ಕೆಂಪು ಬಾಳೆ ಹೆಸರುವಾಸಿ, ಅದಕ್ಕೂ ಜಿಐ ಇದೆ, ಆದರೆ ಅದು ಹಣ್ಣಾಗಿ ತಿನ್ನುವ ಬಾಳೆ. "ಶೇಂಗಾ, ಪುಠಾಣಿ ಕೊಟ್ಟರೆ ಆಗಲ್ವಾ?" ಅಂತ ಕೇಳಬಹುದು. ಕೊಡಿ, ಖಂಡಿತ ಒಳ್ಳೆಯದು. ಆದರೆ ಚಿಪ್ಸ್ ಬೇಕು ಅನ್ನುವ ಮಗುವಿಗೆ ಶೇಂಗಾ ಕೊಟ್ಟರೆ ಅದು ಶೇಂಗಾ ತಿಂದು ಆಮೇಲೆ ಚಿಪ್ಸನ್ನೂ ತಿನ್ನುತ್ತದೆ. ಹಲ್ಲಿಗೆ ಅದೇ ಕುರುಕುರು, ನಾಲಿಗೆಗೆ ಅದೇ ಉಪ್ಪು ಖಾರ ಸಿಗಬೇಕು.

ಹಾಗಾದರೆ ಆಲೂಗಡ್ಡೆ ಯಾಕೆ ಬೇಡ? ಮನೆಯಲ್ಲಿ ಆಲೂ ಚಿಪ್ಸ್ ಮಾಡಿದವರಿಗೆ ಗೊತ್ತು, ಎಷ್ಟೋ ಸಲ ಕಂದು ಬಣ್ಣಕ್ಕೆ ತಿರುಗಿ ಮೆತ್ತಗೆ ಆಗುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುತ್ತದೆ. ಕರಿಯುವಾಗ ಆ ಸಕ್ಕರೆ ಬೇಗ ಕಪ್ಪಾಗುತ್ತದೆ. ಕಂಪನಿಯವರು ಚಿಪ್ಸ್‌ಗೆಂದೇ ಬೇರೆ ತಳಿ ಬೆಳೆಸುತ್ತಾರೆ, ಸಂತೆಯಲ್ಲಿ ನಮಗೆ ಸಿಗುವುದು ಪಲ್ಯದ ಆಲೂಗಡ್ಡೆ. ಹಸಿರು ಬಾಳೆಕಾಯಿಯಲ್ಲಿ ಈ ತಾಪತ್ರಯ ಇಲ್ಲ. ಅದರಲ್ಲಿ ಸಕ್ಕರೆ ಬಹಳ ಕಡಿಮೆ, ಪಿಷ್ಟವೇ ಹೆಚ್ಚು.

ಬಾಳೆಕಾಯಿ ಚಿಪ್ಸ್ ಅಂದರೆ ಕಾಸರಗೋಡು, ಮಂಗಳೂರು ಕಡೆಯವರು ಗುರುಗಳು. ಗಡಿಯಾಚೆ ಕನ್ನಡ ಶಾಲೆ ನಡೆಸುವ ವಿಷಯದಲ್ಲೂ ಕಾಸರಗೋಡಿನವರು ನಮ್ಮ ಅಣ್ಣಂದಿರ ಹಾಗೆ. ಅಲ್ಲಿ ನೇಂದ್ರ ಬಾಳೆಕಾಯಿ, ತೆಂಗಿನೆಣ್ಣೆ. ಕಾಯನ್ನು ಹೆರೆದು ಕಾದ ಎಣ್ಣೆಗೆ ನೇರವಾಗಿ ಬಿಡುತ್ತಾರೆ, ಮುಕ್ಕಾಲು ಬೆಂದಾಗ ಅರಿಸಿನ ಬೆರೆಸಿದ ಉಪ್ಪುನೀರನ್ನು ಆ ಎಣ್ಣೆಗೇ ಚಿಮುಕಿಸುತ್ತಾರೆ. ಚಟಪಟ ಅಂತ ದೊಡ್ಡ ಸದ್ದು ಬರುತ್ತದೆ, ಉಪ್ಪು ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಓಣಂ ಊಟದ ಎಲೆಯಲ್ಲಿ ಇದಿಲ್ಲದೆ ನಡೆಯುವುದಿಲ್ಲ. ಇದೇನು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಪೆರು, ಈಕ್ವೆಡಾರ್ ದೇಶಗಳಲ್ಲಿ ಇದಕ್ಕೆ ಚಿಫ್ಲೆಸ್ ಅನ್ನುತ್ತಾರೆ. ನೈಜೀರಿಯಾ, ಘಾನಾದಲ್ಲಿ ರಸ್ತೆ ಬದಿಯಲ್ಲೇ ಮಾರುತ್ತಾರೆ. ಪಿಷ್ಟದ ಬಾಳೆ ಎಲ್ಲಿದೆಯೋ ಅಲ್ಲೆಲ್ಲ ಜನ ಕರಿದು ತಿಂದಿದ್ದಾರೆ.

ಎಣ್ಣೆಗೆ ನೀರು ಚಿಮುಕಿಸುವ ಆ ವಿಧಾನ ಕೈ ಪಳಗಿದವರಿಗೆ ಸರಿ, ಮಕ್ಕಳು ಓಡಾಡುವ ಚಿಕ್ಕ ಅಡಿಗೆಮನೆಗೆ ಬೇಡ. ಎಣ್ಣೆ ಸಿಡಿದು ಮೈ ಸುಡುತ್ತದೆ. ನಾನು ಹೇಳುವುದು ನಮ್ಮ ಸಂತೆಯ ಬಾಳೆಕಾಯಿಗೆ, ನಮ್ಮ ಶೇಂಗಾ ಎಣ್ಣೆಗೆ ಹೊಂದುವ ವಿಧಾನ. ಒಂದೊಂದು ಹೆಜ್ಜೆಗೂ ಕಾರಣ ಇದೆ, ಕಾರಣ ಗೊತ್ತಿದ್ದರೆ ಚಿಪ್ಸ್ ಕೆಡುವುದಿಲ್ಲ.

ಕಾಯಿ: ಸಂತೆಯಲ್ಲಿ ತೆಲುಗಿನವರು 'ಅರಟಿಕಾಯ' ಅನ್ನುವ ಪಲ್ಯದ ಬಾಳೆಕಾಯಿ ಒಂದು ಕಿಲೋ ತನ್ನಿ. ಗಟ್ಟಿಯಾಗಿ, ಪೂರ್ತಿ ಹಸಿರಾಗಿ ಇರಬೇಕು. ತೀರ ಎಳೆಯದು ಒಗರು. ಹಳದಿ ಛಾಯೆ ಬಂದದ್ದು ಬೇಡವೇ ಬೇಡ. ಹಣ್ಣಿಗೆ ತಿರುಗಿದ ಕಾಯಿಯಲ್ಲಿ ಪಿಷ್ಟ ಸಕ್ಕರೆಯಾಗುತ್ತಾ ಇರುತ್ತದೆ. ಒಳಗಿನ ನೀರು ಹೋಗುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಬಣ್ಣ ನೋಡಿ ತೆಗೆದರೆ ಮೆತ್ತಗೆ, ಬಿಟ್ಟರೆ ಕಹಿ. ನೇಂದ್ರ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ನೀರು ಕಡಿಮೆ.

ಸಿಪ್ಪೆ: ಕೈಗೆ, ಚಾಕುವಿಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಸೊನೆ ಅಂಟಿ ಕೈ ಕಪ್ಪಾಗುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೆಯ ಸೀರೆ ಉಟ್ಟುಕೊಂಡೇ ಕೂತುಕೊಳ್ಳಿ! ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಗೀರು ಹಾಕಿ, ಹೆಬ್ಬೆರಳಿಂದ ಸಿಪ್ಪೆ ಬಿಡಿಸಿ. ಕರಾವಳಿಯವರು ಆ ಸಿಪ್ಪೆಯನ್ನೂ ಬೇಯಿಸಿ ಚಟ್ನಿ ಮಾಡುತ್ತಾರೆ. ನಮ್ಮಲ್ಲಿ ಎಮ್ಮೆಗೆ ಹಾಕಿದರೂ ಆಯಿತು.

ನೆನೆಸುವುದು: ದೊಡ್ಡ ಪಾತ್ರೆಯಲ್ಲಿ ನೀರು, ಅರ್ಧ ಚಮಚ ಅರಿಸಿನ, ಎರಡು ಸೌಟು ಹುಳಿ ಮಜ್ಜಿಗೆ. ಸುಲಿದ ಕಾಯನ್ನು ಹತ್ತು ನಿಮಿಷ ಅದರಲ್ಲಿ ಬಿಡಿ. ಬಾಳೆಕಾಯಿ ಕಪ್ಪಾಗುವುದು ಕೊಳೆತು ಅಲ್ಲ. ಕತ್ತರಿಸಿದಾಗ ಒಳಗಿನ ಕಿಣ್ವ ಹೊರಗಿನ ಆಮ್ಲಜನಕದ ಜೊತೆ ಸೇರಿ ಕೆಲಸ ಶುರು ಮಾಡುತ್ತದೆ. ನೀರು ಆಮ್ಲಜನಕವನ್ನು ದೂರ ಇಡುತ್ತದೆ, ಮಜ್ಜಿಗೆಯ ಹುಳಿ ಕಿಣ್ವದ ಓಟ ತಗ್ಗಿಸುತ್ತದೆ. ಈ ನೀರಿಗೆ ಉಪ್ಪು ಹಾಕಬೇಡಿ. ಉಪ್ಪು ಕೊನೆಗೆ ಅಳತೆಯಿಂದ ಹಾಕೋಣ.

ಹೆಚ್ಚುವುದು: ಚಿಪ್ಸ್ ಹೆರೆಯುವ ಮಣೆ ಇದ್ದರೆ ಒಳ್ಳೆಯದು. ದಪ್ಪ ಒಂದು ರೂಪಾಯಿ ನಾಣ್ಯದಷ್ಟು ಸಾಕು. ಮುಖ್ಯ ವಿಷಯ ಎಲ್ಲವೂ ಒಂದೇ ದಪ್ಪ ಇರಬೇಕು. ಒಂದು ತೆಳು ಒಂದು ದಪ್ಪ ಆದರೆ ತೆಳುವಾದದ್ದು ಸೀಯುವ ಹೊತ್ತಿಗೆ ದಪ್ಪದ್ದು ಹಸಿ ಇರುತ್ತದೆ. ಹೆರೆದ ಬಿಲ್ಲೆಗಳನ್ನು ಒಣ ಬಟ್ಟೆಯ ಮೇಲೆ ಹರವಿ ಮೇಲಿನ ನೀರು ಒತ್ತಿ ತೆಗೆಯಿರಿ. ಒಂದು ಸಲಕ್ಕೆ ಬೇಕಾದಷ್ಟೇ ಹೆರೆಯಿರಿ, ಉಳಿದ ಕಾಯಿ ನೀರಿನಲ್ಲೇ ಇರಲಿ.

ಎಣ್ಣೆ: ಶೇಂಗಾ ಎಣ್ಣೆ ಕರಿಯುವುದಕ್ಕೆ ಒಳ್ಳೆಯದು. ನಮ್ಮ ಭಾಗದ ಕುಸುಬಿ ಎಣ್ಣೆ ಒಗ್ಗರಣೆಗೆ ಚೆನ್ನ, ಆದರೆ ಹೆಚ್ಚು ಹೊತ್ತು ಕಾಯಿಸಿದರೆ ಶೇಂಗಾ ಎಣ್ಣೆಗಿಂತ ಬೇಗ ಕೆಡುತ್ತದೆ. ಕಡಾಯಿಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಬರಬಾರದು. 170ರಿಂದ 180 ಡಿಗ್ರಿ ಕಾಯಬೇಕು ಅನ್ನುತ್ತಾರೆ, ನಮ್ಮ ಮನೆಗಳಲ್ಲಿ ಅಷ್ಟು ಅಳೆಯುವ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಒಂದು ಬಿಲ್ಲೆ ಹಾಕಿ ನೋಡಿ. ತಳಕ್ಕೆ ಹೋಗಿ ಕೂತರೆ ಎಣ್ಣೆ ಕಾದಿಲ್ಲ. ಕೂಡಲೇ ಮೇಲೆದ್ದು ಸುತ್ತ ಗುಳ್ಳೆ ಬಂದರೆ ಸರಿ. ಹೊಗೆ ಬಂದರೆ ಅತಿಯಾಯಿತು, ಉರಿ ತಗ್ಗಿಸಿ.

ಕರಿಯುವುದು: ಒಂದೊಂದೇ ಬಿಲ್ಲೆ ಬಿಡಿ, ಒಟ್ಟಿಗೆ ಸುರಿದರೆ ಅಂಟಿಕೊಳ್ಳುತ್ತವೆ. ಕಡಾಯಿ ತುಂಬಬೇಡಿ. ಹೆಚ್ಚು ಹಾಕಿದರೆ ಎಣ್ಣೆ ತಣ್ಣಗಾಗಿ ಚಿಪ್ಸ್ ಎಣ್ಣೆ ಕುಡಿಯುತ್ತದೆ. ಬರುವ ಗುಳ್ಳೆಗಳನ್ನು ಗಮನಿಸಿ. ಅದು ಎಣ್ಣೆ ಕುದಿಯುವುದಲ್ಲ, ಬಾಳೆಕಾಯಿಯೊಳಗಿನ ನೀರು ಆವಿಯಾಗಿ ಹೊರಬರುವುದು. ಕಾಯಿಯಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ನೀರೇ ಇರುತ್ತದೆ. ಆ ನೀರು ಹೋದಷ್ಟೂ ಚಿಪ್ಸ್ ಗರಿಗರಿ. ಗುಳ್ಳೆ ಕಡಿಮೆಯಾಗಿ, ಸೌಟಿನಿಂದ ಕೈಯಾಡಿಸಿದರೆ ಒಣ ಎಲೆಯ ಹಾಗೆ ಗಲಗಲ ಸದ್ದು ಬಂದಾಗ ತೆಗೆಯಿರಿ. ಬಣ್ಣ ಹೊಂಬಣ್ಣ ಇರಲಿ, ಕಂದು ಆಗುವುದು ಬೇಡ. ಪಿಷ್ಟದ ಪದಾರ್ಥವನ್ನು ಹೆಚ್ಚು ಕಂದಾಗಿಸಿದರೆ ಅಕ್ರಿಲಮೈಡ್ ಅನ್ನುವ ಬೇಡದ ವಸ್ತು ಹೆಚ್ಚುತ್ತದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಸೋಸುವುದು: ತೂತಿನ ಸೌಟಿನಲ್ಲಿ ತೆಗೆದು ಕಡಾಯಿಯ ಮೇಲೆಯೇ ಚೆನ್ನಾಗಿ ಜಾಡಿಸಿ, ಜರಡಿಗೆ ಹಾಕಿ. ಎಣ್ಣೆಯ ಬಹುಪಾಲು ಚಿಪ್ಸ್ ಒಳಗೆ ಹೋಗುವುದು ಅದು ಹೊರಗೆ ಬಂದು ತಣಿಯುವಾಗ. ಒಳಗಿನ ಆವಿ ತಣಿದು ಜಾಗ ಖಾಲಿ ಮಾಡುತ್ತದೆ, ಮೇಲಿದ್ದ ಎಣ್ಣೆ ಆ ಜಾಗಕ್ಕೆ ಇಳಿಯುತ್ತದೆ. ಅದಕ್ಕೇ ಬಿಸಿ ಇರುವಾಗಲೇ ಜಾಡಿಸಬೇಕು. ಪೇಪರಿನ ಮೇಲೆ ಮಾತ್ರ ಹಾಕಬೇಡಿ. ನ್ಯೂಸ್ ಪೇಪರಿನ ಶಾಯಿ ಎಣ್ಣೆಗೆ ಬಿಡುತ್ತದೆ. ಮಿರ್ಚಿ ಭಜಿ ಕಟ್ಟಿಕೊಡುವವರಿಗೂ ಸೇರಿಸಿ ಎಫ್ಎಸ್ಎಸ್ಎಐ ಎಷ್ಟೋ ಸಲ ಹೇಳಿದೆ, 2023ರಲ್ಲಿ ಮತ್ತೆ ಹೇಳಿತು.

ಮಸಾಲೆ: ಒಂದು ಕಿಲೋ ಕಾಯಿಗೆ ಕಾಲು ಕಿಲೋ ಆಸುಪಾಸು ಚಿಪ್ಸ್ ಆಗುತ್ತದೆ. ಅದಕ್ಕೆ ಒಂದು ಚಿಕ್ಕ ಚಮಚ ಖಾರದ ಪುಡಿ, ಅರ್ಧ ಚಮಚ ಹುರಿದ ಜೀರಿಗೆಯ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಇಂಗು, ಅರ್ಧ ಚಮಚ ಆಮ್‌ಚೂರ್, ಒಂದು ಚಿಕ್ಕ ಚಮಚ ಉಪ್ಪು. ಎಲ್ಲ ಸೇರಿಸಿ ನುಣ್ಣಗೆ ಕುಟ್ಟಿ. ಕೊನೆಯ ಎಣ್ಣೆಯಲ್ಲಿ ಒಂದು ಹಿಡಿ ಒರೆಸಿದ ಕರಿಬೇವು ಕರಿದು ಪುಡಿ ಮಾಡಿ ಹಾಕಿ. ಚಿಪ್ಸ್ ಬಿಸಿ ಇರುವಾಗಲೇ ಮಸಾಲೆ ಉದುರಿಸಿ ಮೆಲ್ಲಗೆ ಕುಲುಕಿ, ತಣ್ಣಗಾದ ಮೇಲೆ ಪುಡಿ ಅಂಟುವುದಿಲ್ಲ. ಖಾರದ ಪುಡಿಯನ್ನು ಎಣ್ಣೆಗೆ ಹಾಕಬೇಡಿ, ಸೀದು ಹೋಗುತ್ತದೆ. ಖಾರ ಬೇಡ ಅನ್ನುವ ಚಿಕ್ಕ ಮಕ್ಕಳಿಗೆ ನಮ್ಮ ಶೇಂಗಾ ಹಿಂಡಿಯನ್ನೇ ಕಡಿಮೆ ಖಾರದಲ್ಲಿ ಮಾಡಿ, ನುಣ್ಣಗೆ ಕುಟ್ಟಿ ಉದುರಿಸಿ ನೋಡಿ, ಆ ರುಚಿ ಯಾವ ಪ್ಯಾಕೆಟ್ಟಿನಲ್ಲೂ ಸಿಗುವುದಿಲ್ಲ. ಹಿಂಡಿಯಲ್ಲಿ ಉಪ್ಪು ಇರುತ್ತದೆ, ಬೇರೆ ಹಾಕಬೇಡಿ.

ಪೂರ್ತಿ ತಣಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಬಿಸಿ ಇರುವಾಗ ಮುಚ್ಚಿದರೆ ಆವಿಯೇ ನೀರಾಗಿ ಮೆತ್ತಗೆ ಮಾಡುತ್ತದೆ. ನಮ್ಮ ಡಬ್ಬಿಯಲ್ಲಿ ಸಾರಜನಕ ಇಲ್ಲ, ಹಾಗಾಗಿ ವಾರದೊಳಗೆ ಮುಗಿಸಿ. ಅಷ್ಟು ದಿನ ಉಳಿಯುತ್ತದೆಯಾ ಅನ್ನುವುದು ಬೇರೆ ಪ್ರಶ್ನೆ! :-)

ಈಗ ತಕರಾರುಗಳಿಗೆ ಬರುತ್ತೇನೆ.

"ಮನೆಯದ್ದಾದರೇನು, ಕರಿದದ್ದು ಕರಿದದ್ದೇ ಅಲ್ವಾ?" ಹೌದು. ಬಾಳೆಕಾಯಿ ಚಿಪ್ಸ್ ತೂಕದಲ್ಲಿ ಕಾಲು ಭಾಗ, ಕೆಲವು ಸಲ ಅದಕ್ಕಿಂತ ಹೆಚ್ಚು ಎಣ್ಣೆಯೇ. ಇದು ಆರೋಗ್ಯದ ಊಟ ಅಂತ ನಾನು ಹೇಳುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಎಣ್ಣೆ, ಉಪ್ಪು, ಸಕ್ಕರೆ ಕಡಿಮೆ ಮಾಡಿ ಅಂತಲೇ ಇದೆ. ಆದರೆ ಕಡಿಮೆ ಮಾಡುವುದು ಹೇಗೆ? ಕಾಲು ಕಿಲೋ ಚಿಪ್ಸ್ ಮಾಡಲು ಸುಲಿಯುವುದು, ಹೆರೆಯುವುದು, ಕರಿಯುವುದು ಎಲ್ಲ ಸೇರಿ ಒಂದು ತಾಸು ಬೇಕು. ಯಾರೂ ದಿನಾ ಮಾಡುವುದಿಲ್ಲ, ಮಾಡಲು ಆಗುವುದೂ ಇಲ್ಲ. ಹಿಂದಿನವರ ಮನೆಯಲ್ಲಿ ಕರಿದ ತಿಂಡಿ ಹಬ್ಬಕ್ಕೆ ಮಾತ್ರ ಇತ್ತು ಅಂದರೆ ಅವರಿಗೆ ಬಾಯಿಚಪಲ ಇರಲಿಲ್ಲ ಅಂತಲ್ಲ, ಎಣ್ಣೆಯೂ ಪುರುಸೊತ್ತೂ ದಿನಾ ಸಿಗುತ್ತಿರಲಿಲ್ಲ. ಪ್ಯಾಕೆಟ್ ಆ ಶ್ರಮವನ್ನು ಅಳಿಸಿಹಾಕಿತು, ಜೊತೆಗೆ ಮಿತಿಯನ್ನೂ ಅಳಿಸಿತು. ಉಪ್ಪಿನ ಲೆಕ್ಕವನ್ನೂ ನೋಡಿ. ಒಂದು ಚಿಕ್ಕ ಚಮಚ ಅಂದರೆ ಐದು ಗ್ರಾಂ ಆಸುಪಾಸು. ಐದು ಜನ ಹಂಚಿಕೊಂಡರೆ ತಲೆಗೆ ಒಂದು ಗ್ರಾಂ. ದೊಡ್ಡವರಿಗೇ ಇಡೀ ದಿನಕ್ಕೆ ಐದು ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಒಂದು ಹಿಡಿ ಚಿಪ್ಸಿನಲ್ಲೇ ಐದನೇ ಒಂದು ಭಾಗ ಮುಗಿಯಿತು. ಚಮಚ ಕೈಯಲ್ಲಿ ಹಿಡಿದ ಮಗುವಿಗೆ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ.

"ಎಣ್ಣೆ ತುಟ್ಟಿ, ಬಡವರ ಮನೆಯಲ್ಲಿ ಹೇಗ್ರಿ?" ಇದು ಸರಿಯಾದ ಪ್ರಶ್ನೆ. ಚಿಕ್ಕ, ಆಳದ ಕಡಾಯಿ ತಗೊಂಡರೆ ಕಾಲು ಲೀಟರ್ ಎಣ್ಣೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ಕರಿಯಬಹುದು. ಉಳಿದ ಎಣ್ಣೆ ಸೋಸಿ ಎರಡು ಮೂರು ದಿನದಲ್ಲಿ ಪಲ್ಯ, ಒಗ್ಗರಣೆಗೆ ಬಳಸಿ ಮುಗಿಸಿ, ಅದರಲ್ಲೇ ಮತ್ತೆ ಮತ್ತೆ ಕರಿಯಬೇಡಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಅಂತ ಹುಟ್ಟಿಕೊಳ್ಳುತ್ತವೆ. ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ ಅಂತ 2018ರ ಜುಲೈ 1ರಿಂದ ನಿಯಮ ಇದೆ. ಹೊರಗೆ ಗಾಡಿಯ ಕಡಾಯಿಯಲ್ಲಿ ಆ ಲೆಕ್ಕ ನಮಗೆ ಕಾಣುವುದಿಲ್ಲ. ಮನೆಯ ಎಣ್ಣೆ ಎಷ್ಟು ಸಲ ಕಾದಿದೆ ಅಂತ ನಮಗೇ ಗೊತ್ತಿರುತ್ತದೆ.

"ಪುರುಸೊತ್ತು ಎಲ್ಲಿದೆ?" ಅನ್ನುವುದು ಎಲ್ಲಕ್ಕಿಂತ ದೊಡ್ಡ ತಕರಾರು. ಆ ತಾಯಿಯ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದರೆ ನನ್ನ ಮಾತು ಬರೀ ಮಾತಾಗುತ್ತದೆ. ಹಾಗಾಗಿ ಇದು ತಾಯಿಯ ಕೆಲಸ ಅಲ್ಲ, ಮನೆಯವರೆಲ್ಲರ ಕೆಲಸ ಆಗಬೇಕು. ತಿಂಗಳಿಗೊಂದು ಭಾನುವಾರ ಸಾಕು. ಸಿಪ್ಪೆ ಬಿಡಿಸುವುದು, ಬಟ್ಟೆಯ ಮೇಲೆ ಹರವುವುದು, ಮಸಾಲೆ ಕುಟ್ಟುವುದು, ಕುಲುಕುವುದು ಮಕ್ಕಳದ್ದು. ಹೆರೆಯುವ ಮಣೆ ದೊಡ್ಡ ಮಕ್ಕಳ ಕೈಗೆ ಮಾತ್ರ, ಹತ್ತಿರ ಕೂತು ಕೊಡಿ. ಒಲೆಯ ಮುಂದೆ ದೊಡ್ಡವರೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಮತ್ತೆ ಹೆಣ್ಣುಮಕ್ಕಳನ್ನು ಮಾತ್ರ ಕರೆಯಬೇಡಿ. ತಿನ್ನುವಾಗ ಗಂಡು ಹೆಣ್ಣು ಅಂತ ಇಲ್ಲವಲ್ಲ!

ಶಾಲೆಯಲ್ಲಿ ನಾವೇನು ಮಾಡಬಹುದು? ಬೆಂಕಿ ಇಲ್ಲದೆ ಅರ್ಧ ಪಾಠ ಮುಗಿಯುತ್ತದೆ. ಬಾಳೆಕಾಯಿಯ ಒಂದು ಬಿಲ್ಲೆ, ಕಳಿತ ಬಾಳೆಹಣ್ಣಿನ ಒಂದು ಬಿಲ್ಲೆ ಇಟ್ಟು ಎರಡಕ್ಕೂ ಅಯೋಡಿನ್ ದ್ರಾವಣದ ಎರಡೆರಡು ಹನಿ ಹಾಕಿ. ಕಾಯಿ ಕಡುನೀಲಿ ಕಪ್ಪಾಗುತ್ತದೆ, ಹಣ್ಣಿನಲ್ಲಿ ಬಣ್ಣ ಬಹಳ ಕಡಿಮೆ. ಪಿಷ್ಟ ಎಲ್ಲಿ ಹೋಯಿತು ಅಂತ ಕೇಳಿ. "ಸಿಹಿ ಆಯ್ತು ಟೀಚರ್" ಅಂತ ಮಕ್ಕಳೇ ಹೇಳುತ್ತಾರೆ. (ಅಯೋಡಿನ್ ಹಾಕಿದ್ದನ್ನು ಯಾರೂ ತಿನ್ನದ ಹಾಗೆ ನೋಡಿಕೊಳ್ಳಿ.) ಇನ್ನು ಮೂರು ತಟ್ಟೆ ಇಡಿ. ಒಂದರಲ್ಲಿ ಬರೀ ಬಿಲ್ಲೆ, ಒಂದರಲ್ಲಿ ನೀರಿನೊಳಗೆ, ಒಂದರಲ್ಲಿ ಮಜ್ಜಿಗೆ ನೀರಿನೊಳಗೆ. ಪಿರಿಯಡ್ ಮುಗಿಯುವುದರೊಳಗೆ ಯಾವುದು ಕಪ್ಪಾಯಿತು ಅಂತ ಬರೆಯಲಿ. ಪ್ಯಾಕೆಟ್ಟಿನ ತೂಕದ ಲೆಕ್ಕ ಗಣಿತದ ಪಿರಿಯಡ್ಡಿಗೆ. ಪ್ಯಾಕೆಟ್ಟಿನ ಹಿಂದಿನ ಬರಹವನ್ನು ಕನ್ನಡದಲ್ಲಿ ಬರೆದು ಮನೆಗೆ ಒಯ್ಯುವುದು ಭಾಷೆಯ ಪಿರಿಯಡ್ಡಿಗೆ. ಕಂಪನಿ ಬರೆಯದಿದ್ದರೆ ನಾಲ್ಕನೇ ಕ್ಲಾಸಿನವರು ಬರೆಯಲಿ, ಏನಂತೀರಿ?

ಗಡಿಯ ಶಾಲೆಯವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. "ಕನ್ನಡದಾಗ ಸೈನ್ಸ್ ಏನ್ ಬರ್ತದ್ರಿ, ಇಂಗ್ಲಿಷ್ ಸಾಲಿಗಿ ಹಾಕ್ತೀವಿ" ಅಂತ ಎಷ್ಟು ಪಾಲಕರ ಬಾಯಲ್ಲಿ ಕೇಳಿಲ್ಲ ನಾವು! ಅವರ ಚಿಂತೆ ಸುಳ್ಳಲ್ಲ, ಮಕ್ಕಳ ಮುಂದಿನ ಓದು, ನೌಕರಿ ಅವರ ಕಣ್ಣ ಮುಂದಿದೆ. ವಾದ ಮಾಡಿ ಅವರನ್ನು ಗೆಲ್ಲಲು ಆಗುವುದಿಲ್ಲ. ಆದರೆ ಭಾನುವಾರ ಕಡಾಯಿಯ ಹತ್ತಿರ ದೂರ ನಿಂತ ಮಗು "ಅವ್ವಾ, ಅದು ಎಣ್ಣಿ ಕುದಿಯೋದಲ್ಲ, ಬಾಳಿಕಾಯಾಗಿನ ನೀರು ಆವಿ ಆಗಿ ಬರ್ಲಿಕತ್ತದ" ಅಂದರೆ ಆ ತಾಯಿಗೆ ಏನು ಅನ್ನಿಸಬಹುದು? ಪಿಷ್ಟ, ಕಿಣ್ವ, ಆವಿ ಅನ್ನುವ ಮಾತುಗಳು ಪರೀಕ್ಷೆಗೆ ಉರು ಹೊಡೆದ ಮಾತಾಗಿ ಉಳಿಯದೆ ಮನೆಯ ಮಾತಾಗುತ್ತವೆ. ನಮ್ಮ ಮಾಧ್ಯಮದ ಬಗ್ಗೆ ನಾವು ಹೇಳುವ ನೂರು ಮಾತಿಗಿಂತ ಮಗು ಆಡಿದ ಆ ಒಂದು ಮಾತಿಗೆ ತೂಕ ಹೆಚ್ಚು.

ಪ್ಯಾಕೆಟ್ ಪೂರ್ತಿ ನಿಂತುಹೋಗುತ್ತದೆ ಅಂತ ನನಗೇನೂ ಭ್ರಮೆ ಇಲ್ಲ. ಮನೆಯ ಡಬ್ಬಿ ಖಾಲಿಯಾದ ಮಾರನೇ ದಿನ ಮಗು ಮತ್ತೆ ಐದು ರೂಪಾಯಿ ಕೇಳುತ್ತದೆ. ಆದರೆ ಕೇಳುವಾಗ ಅದಕ್ಕೆ ಕಿಲೋ ಲೆಕ್ಕ ಗೊತ್ತಿರುತ್ತದೆ, ಉಪ್ಪಿನ ಚಮಚ ಗೊತ್ತಿರುತ್ತದೆ, ಇದಕ್ಕಿಂತ ರುಚಿಯಾದದ್ದನ್ನು ತಾನೇ ಮಾಡಬಲ್ಲೆ ಅನ್ನುವುದೂ ಗೊತ್ತಿರುತ್ತದೆ. ವಾರಕ್ಕೆ ಆರು ಪ್ಯಾಕೆಟ್ ಇದ್ದದ್ದು ಮೂರಾದರೆ ಅದು ಚಿಕ್ಕ ವಿಷಯವಲ್ಲ. ಶಾಲೆಯ ಗೋಡೆಯ ಮೇಲೆ ಬರೆಸಿದ ಯಾವ ಘೋಷವಾಕ್ಯದಿಂದಲೂ ಅಷ್ಟು ಕಡಿಮೆಯಾಗಿಲ್ಲ.

ಈ ಸಲದ ಸಂತೆಯಲ್ಲಿ ಒಂದು ಕಿಲೋ ಬಾಳೆಕಾಯಿ ತನ್ನಿ. ಆರಿಸುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಪೂರ್ತಿ ಹಸಿರಾದದ್ದನ್ನೇ ಆರಿಸಲಿ.